ಒಂದೇ ಕೋರ್ ಯಾಕೆ ಇಷ್ಟು ಬಿಸಿ? ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್‌ನ ತಪಾಸಣೆ

ಮೇ ತಿಂಗಳಲ್ಲಿ, ಅದೂ ವಿಜಯಪುರದಲ್ಲಿ, ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರ್ ಬಿಸಿಯಾಯಿತು ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊರಗೆ 41 ಡಿಗ್ರಿ. ಆರ್‌ಸಿಸಿ ಚಾವಣಿಯ ಕೆಳಗಿನ ನನ್ನ ರೂಮಿನಲ್ಲಿ 36. ಬಿಸಿಲಿನದ್ದೇ ಕಾಟ ಅಂದುಕೊಂಡು ನಾನೂ ಎರಡು ವಾರ ಸುಮ್ನೆ ಇದ್ದೆ. ಆಮೇಲೆ ಒಂದು ದಿನ ತಂಗಿಯ ಮದುವೆ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿ, ಕೋರ್‌ಗಳ (ಪ್ರೊಸೆಸರ್ ಚಿಪ್ಪಿನ ಒಳಗೆ ಲೆಕ್ಕ ಮಾಡುವ ಘಟಕಗಳ) ಬಿಸಿಯನ್ನು ಬಿಡಿಬಿಡಿಯಾಗಿ ನೋಡಿದೆ. ಆರು ಕೋರ್. ಮೊದಲ ನಾಲ್ಕು 74, 76, 75, 77. ಕೊನೆಯ ಎರಡು 91 ಮತ್ತು 89.

ಬಿಸಿಲು ಆರೂ ಕೋರ್‌ಗೆ ಒಂದೇ ಅಲ್ವಾ? ಧೂಳು ಕೂಡ ಒಂದೇ, ಫ್ಯಾನ್ ಕೂಡ ಒಂದೇ. ಹಾಗಿದ್ದರೆ ಎರಡು ಕೋರ್ ಮಾತ್ರ 14 ಡಿಗ್ರಿ ಮೇಲೆ ಹೋಗಿದ್ದು ಹೇಗೆ?

ಕೋರ್ ಬಿಸಿಯ ತೊಂದರೆ ಹುಡುಕುವಾಗ ಈ ಪ್ರಶ್ನೆಯನ್ನೇ ಹಿಡಿದುಕೊಂಡು ಹೋಗಬೇಕು. ಎಲ್ಲ ಕೋರ್‌ಗಳೂ ಒಟ್ಟಿಗೆ ಏರಿದರೆ ಗಾಳಿಯ ಕಡೆ ನೋಡಿ: ಧೂಳು, ಫ್ಯಾನ್, ಕ್ಯಾಬಿನೆಟ್, ರೂಮು. ಒಂದೆರಡು ಕೋರ್ ಮಾತ್ರ ಏರಿದರೆ ಗಾಳಿಯನ್ನು ಬಿಡಿ. ಆ ಕೋರ್ ಏನು ಕೆಲಸ ಮಾಡುತ್ತಿದೆ, ಚಿಪ್ಪಿನ ಮೇಲಿನ ಕೂಲರ್ (ಬಿಸಿ ಹೀರುವ ಲೋಹ ಮತ್ತು ಫ್ಯಾನ್) ಹೇಗೆ ಕೂತಿದೆ, ಚಿಪ್ಪಿನ ಒಳಗೇ ಏನಾದರೂ ಇದೆಯೇ ಅಂತ ನೋಡಿ. ಈ ವ್ಯತ್ಯಾಸ ನೋಡದೆ ಎಷ್ಟೋ ಜನ ಸೀದಾ ಹೊಸ ಫ್ಯಾನ್ ತಂದು ಹಾಕುತ್ತಾರೆ. ಆರೂ ಕೋರ್ 3 ಡಿಗ್ರಿ ಇಳಿಯುತ್ತವೆ, ಅಂತರ ಮಾತ್ರ ಹಾಗೇ ಇರುತ್ತದೆ. ದುಡ್ಡು ಹೋಯಿತು, ತೊಂದರೆ ಉಳಿಯಿತು.

ಮೊದಲು ಸರಿಯಾಗಿ ಅಳೆಯಿರಿ

ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂ ಇನ್ಫೋ ಹಾಕಿಕೊಳ್ಳಿ, ಉಚಿತ. ಕೋರ್ ಟೆಂಪ್ ಕೂಡ ಸಾಕು. ಲಿನಕ್ಸ್ ಇದ್ದರೆ ಎಲ್‌ಎಂ ಸೆನ್ಸರ್ಸ್ ಹಾಕಿ, ಟರ್ಮಿನಲ್‌ನಲ್ಲಿ ಸೆನ್ಸರ್ಸ್ ಅಂತ ಕೊಟ್ಟರೆ ಇಂಟೆಲ್ ಚಿಪ್ಪಿನಲ್ಲಿ ಪ್ರತಿ ಕೋರ್‌ನ ಬಿಸಿ ಸಾಲಾಗಿ ಬರುತ್ತದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಕಾಣುವ ಒಂದೇ ಒಂದು ಅಂಕಿ ಈ ಕೆಲಸಕ್ಕೆ ಪ್ರಯೋಜನವಿಲ್ಲ, ಅಲ್ಲಿ ಕೋರ್‌ಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ.

ಸುಮ್ನೆ ಡೆಸ್ಕ್‌ಟಾಪ್ ತೆರೆದಿಟ್ಟು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೋರ್‌ನ ಒಳಗಿರುವ ಸೆನ್ಸರ್‌ಗಳು ಗರಿಷ್ಠ ಮಿತಿಯ ಹತ್ತಿರ ನಿಖರವಾಗಿರುವಂತೆ ಹೊಂದಿಸಿದವು. ಚಿಪ್ ಸುಟ್ಟುಹೋಗದಂತೆ ಕಾಯುವುದೇ ಅವುಗಳ ಮೊದಲ ಕೆಲಸ. ಮಿತಿಯಿಂದ ದೂರ ಇದ್ದಷ್ಟೂ, ಅಂದರೆ ಚಿಪ್ ತಣ್ಣಗಿದ್ದಷ್ಟೂ ತಪ್ಪು ಜಾಸ್ತಿ. ಹಾಗಾಗಿ ಕೆಲಸವಿಲ್ಲದೆ ಕೂತಾಗ ಒಂದು ಕೋರ್ 38, ಇನ್ನೊಂದು 46 ತೋರಿಸಿದರೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಎಲ್ಲ ಕೋರ್‌ಗೂ ಒಂದೇ ಭಾರ ಹಾಕಿ ನೋಡಬೇಕು. ಸಿನೆಬೆಂಚ್‌ನ ಮಲ್ಟಿ ಕೋರ್ ಪರೀಕ್ಷೆ ಹದಿನೈದು ನಿಮಿಷ ಓಡಿಸಿ. ಇಲ್ಲವೇ ಪ್ರೈಮ್95ರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಹಾಕಿ, ಆದರೆ ಅದು ದಿನನಿತ್ಯದ ಯಾವ ಕೆಲಸಕ್ಕಿಂತಲೂ ಜಾಸ್ತಿ ಬಿಸಿ ಮಾಡುತ್ತದೆ, ಬೇಸಿಗೆಯಲ್ಲಿ ಪಕ್ಕದಲ್ಲೇ ಕೂತು ನೋಡಿ. ಲಿನಕ್ಸ್‌ನಲ್ಲಿ ಸ್ಟ್ರೆಸ್-ಎನ್‌ಜಿ ಇದೆ. ಪ್ರೈಮ್95 ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಲೆಕ್ಕದಲ್ಲಿ ತಪ್ಪು ಬಂದರೆ ಅದರ ಒಂದು ವರ್ಕರ್ (ಒಂದು ಕೋರ್ ಮೇಲೆ ಓಡುವ ಕೆಲಸ) ತಾನೇ ನಿಂತುಬಿಡುತ್ತದೆ, ಉಳಿದವು ಓಡುತ್ತಿರುತ್ತವೆ. ಆಗ ಆ ಕೋರ್ ತಣ್ಣಗೆ ಕಾಣುತ್ತದೆ. "ಒಂದು ಕೋರ್ ಚೆನ್ನಾಗಿ ತಣ್ಣಗಿದೆ, ಉಳಿದವು ಬಿಸಿ" ಅಂತ ನೀವು ಚಿಪ್ಪಿಗೂ ಕೂಲರ್‌ಗೂ ನಡುವಿನ ಪೇಸ್ಟ್ ಬದಲಿಸುತ್ತಾ ಕೂರುತ್ತೀರಿ. ನಿಜವಾದ ತೊಂದರೆ ಓವರ್‌ಕ್ಲಾಕ್ (ಚಿಪ್ಪನ್ನು ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವುದು) ಅಥವಾ ರ‍್ಯಾಮ್ ಸೆಟ್ಟಿಂಗ್‌ನಲ್ಲಿ ಇರುತ್ತದೆ.

ಒಂದು ಗೋಡೆ ಥರ್ಮಾಮೀಟರ್ ಕ್ಯಾಬಿನೆಟ್ ಪಕ್ಕ ಇಡಿ. ರೂಮಿನ ಬಿಸಿಗಿಂತ ಕೆಳಗೆ ಯಾವ ಗಾಳಿ ಕೂಲರ್ ಕೂಡ ಚಿಪ್ಪನ್ನು ಇಳಿಸಲಾರದು. ರೂಮು 10 ಡಿಗ್ರಿ ಏರಿದರೆ ಕೋರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ 24 ಡಿಗ್ರಿ ರೂಮಿನಲ್ಲಿ ಕೂತವರ ಅಂಕಿ ನೋಡಿ, ನಮ್ಮ ಏಪ್ರಿಲ್ ಅಂಕಿಗೆ ಹೋಲಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ನಿಮ್ಮದೇ ಕಂಪ್ಯೂಟರ್‌ನ ಹಿಂದಿನ ಮತ್ತು ಮುಂದಿನ ಅಂಕಿ ಹೋಲಿಸುವಾಗಲೂ ಒಂದೇ ಹೊತ್ತಿನಲ್ಲಿ ಪರೀಕ್ಷೆ ಮಾಡಿ. ಬೆಳಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಅಳೆದರೆ ನೀವು ಅಳೆಯುತ್ತಿರುವುದು ಸೂರ್ಯನನ್ನು.

ಎಷ್ಟು ಅಂತರ ಸಹಜ

ಪೂರ್ತಿ ಭಾರದಲ್ಲಿ 5ರಿಂದ 8 ಡಿಗ್ರಿ ಅಂತರ ಇದ್ದರೆ ಬಿಟ್ಟುಬಿಡಿ. 10ರವರೆಗೂ ನಾನು ಕೂಲರ್ ಬಿಚ್ಚುವುದಿಲ್ಲ. ಚಿಪ್ಪಿನ ಮೇಲೆ ಕೋರ್‌ಗಳು ಸಾಲಾಗಿ ಕೂತಿರುತ್ತವೆ. ನಡುವಿನ ಕೋರ್‌ಗೆ ಎರಡೂ ಕಡೆಯಿಂದ ನೆರೆಯವರ ಬಿಸಿ ಬಡಿಯುತ್ತದೆ, ಅಂಚಿನದ್ದಕ್ಕೆ ಒಂದೇ ಕಡೆಯಿಂದ. ಸಂತೆಯಲ್ಲಿ ಗುಂಪಿನ ನಡುವೆ ನಿಂತವನಿಗೂ ಅಂಚಿನಲ್ಲಿ ನಿಂತವನಿಗೂ ಸೆಖೆ ಒಂದೇ ಇರುವುದಿಲ್ಲವಲ್ಲ, ಹಾಗೆ. ಜೊತೆಗೆ ಒಂದೇ ಚಿಪ್ಪಿನ ಎರಡು ಕೋರ್‌ಗಳು ಕೂಡ ಪೂರ್ತಿ ಒಂದೇ ಥರ ತಯಾರಾಗುವುದಿಲ್ಲ. ಒಂದು ಸ್ವಲ್ಪ ಜಾಸ್ತಿ ಕರೆಂಟ್ ಎಳೆಯುತ್ತದೆ.

ಇಂಟೆಲ್‌ನ 12ನೇ ತಲೆಮಾರಿನಿಂದ ಈಚೆಗೆ ಬಹಳಷ್ಟು ಚಿಪ್‌ಗಳಲ್ಲಿ ಎರಡು ಜಾತಿಯ ಕೋರ್‌ಗಳಿವೆ. ಐ5 13400 ತೆಗೆದುಕೊಂಡರೆ 6 ಪಿ ಕೋರ್, 4 ಇ ಕೋರ್. ಪಿ ಕೋರ್ ದೊಡ್ಡದು, ಜಾಸ್ತಿ ಬಿಸಿ. ಇ ಕೋರ್ ಚಿಕ್ಕದು, ತಣ್ಣಗೆ. ಇವೆರಡನ್ನೂ ಒಂದಕ್ಕೊಂದು ಹೋಲಿಸಬೇಡಿ. ಪಿ ಜೊತೆ ಪಿ, ಇ ಜೊತೆ ಇ. ಎಎಂಡಿ ಕಂಪನಿಯ ರೈಜೆನ್‌ನಲ್ಲಿ 5900ಎಕ್ಸ್ ಥರದ ದೊಡ್ಡ ಮಾದರಿಗಳ ಲೋಹದ ಮುಚ್ಚಳದ ಕೆಳಗೆ ಕೋರ್‌ಗಳಿರುವ ತುಂಡುಗಳು ಎರಡಿರುತ್ತವೆ, ಎಚ್‌ಡಬ್ಲ್ಯೂ ಇನ್ಫೋ ಅವನ್ನು ಸಿಸಿಡಿ1, ಸಿಸಿಡಿ2 ಅಂತ ತೋರಿಸುತ್ತದೆ. ಎರಡಕ್ಕೂ ಬೇರೆ ಬೇರೆ ಬಿಸಿ ಇರುವುದು ಸಾಮಾನ್ಯ.

ಮಿತಿಯೂ ಗೊತ್ತಿರಲಿ. ಐ5 12400, 13400ಕ್ಕೆ 100 ಡಿಗ್ರಿ. ರೈಜೆನ್ 5 5600ಕ್ಕೆ 90. ರೈಜೆನ್ 5 7600ಕ್ಕೆ 95. ಅದನ್ನು ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ತಕ್ಷಣ ಸಾಯುವುದಿಲ್ಲ. ಆದರೆ ಒಂದೇ ಒಂದು ಕೋರ್ ಮಿತಿ ಮುಟ್ಟಿದರೂ ಉಳಿದವುಗಳ ವೇಗಕ್ಕೂ ಪೆಟ್ಟು ಬೀಳಬಹುದು. ಒಂದು ಕೆಟ್ಟ ಕೋರ್‌ಗಾಗಿ ಆರೂ ನಿಧಾನ. ಅಂತರದ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಸ್ಕ್ರೂಡ್ರೈವರ್ ಮುಟ್ಟುವ ಮುನ್ನ

ದಿನನಿತ್ಯದ ಬಳಕೆಯಲ್ಲಿ ಮಾತ್ರ ಒಂದು ಕೋರ್ ಬಿಸಿ, ಪೂರ್ತಿ ಭಾರದಲ್ಲಿ ಎಲ್ಲ ಸಮ ಅಂತಾದರೆ ಕೂಲರ್ ತಪ್ಪಿಲ್ಲ. ಆ ಕೋರ್ ದುಡಿಯುತ್ತಿದೆ ಅಷ್ಟೇ. ಹಲವು ಚಿಪ್‌ಗಳಲ್ಲಿ ತಯಾರಾಗುವಾಗಲೇ ಯಾವ ಕೋರ್ ಚೆನ್ನಾಗಿ ಓಡುತ್ತದೆ ಅಂತ ಗುರುತು ಹಾಕಿರುತ್ತಾರೆ, ವಿಂಡೋಸ್ ಒಂಟಿ ಕೆಲಸ ಬಂದಾಗ ಆ ಒಳ್ಳೆಯ ಕೋರ್‌ಗೇ ಕೊಡುತ್ತದೆ. ದುಡಿಯುವ ಎತ್ತಿಗೇ ಜಾಸ್ತಿ ಕೆಲಸ.

ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ ನೋಟಕ್ಕೆ ಬದಲಿಸಿ. ನೀವು ಏನೂ ಮಾಡದಿದ್ದರೂ ಒಂದು ಚೌಕ ಸದಾ ತುಂಬಿಕೊಂಡೇ ಇದ್ದರೆ ಹಿನ್ನೆಲೆಯಲ್ಲಿ ಏನೋ ಸಿಕ್ಕಿಕೊಂಡಿದೆ. ಪ್ರಿಂಟರ್ ಸಾಫ್ಟ್‌ವೇರ್, ಅರ್ಧಕ್ಕೆ ನಿಂತ ಅಪ್‌ಡೇಟ್, ಬ್ರೌಸರ್‌ನ ಒಂದು ಟ್ಯಾಬ್, ಕೆಲವೊಮ್ಮೆ ಕದ್ದು ಕೂತು ಕ್ರಿಪ್ಟೊ ಅಗೆಯುವ ವೈರಸ್. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡವರು ಈ ಕೊನೆಯದನ್ನು ನಿಜವಾಗಿಯೂ ನೋಡಿ.

ಬಯಾಸ್ ಕೂಡ ಒಮ್ಮೆ ಡೀಫಾಲ್ಟ್‌ಗೆ ತನ್ನಿ. ಕೆಲವು ಬೋರ್ಡ್‌ಗಳು ನಮ್ಮನ್ನು ಕೇಳದೆಯೇ ಪವರ್ ಮಿತಿ ತೆಗೆದುಹಾಕಿರುತ್ತವೆ. ಐ5 12400 ಮೂಲದಲ್ಲಿ 65 ವ್ಯಾಟ್ ಚಿಪ್, ಟರ್ಬೊದಲ್ಲಿ (ತಾನೇ ವೇಗ ಏರಿಸಿಕೊಂಡಾಗ) 117 ವ್ಯಾಟ್‌ವರೆಗೆ ಹೋಗಬಹುದು. ಡಬ್ಬಿಯಲ್ಲಿ ಬಂದ ಪುಟ್ಟ ಕೂಲರ್ ಹಾಕಿದವರು ಮಿತಿಯನ್ನು 65ರ ಆಸುಪಾಸಿಗೆ ತಂದರೆ ಬೇಸಿಗೆಯಲ್ಲಿ ಬಹಳ ಹಗುರ. ಇದರಿಂದ ಎಲ್ಲ ಕೋರ್ ಇಳಿಯುತ್ತವೆ, ಅಂತರವೂ ಸ್ವಲ್ಪ ಕಿರಿದಾಗುತ್ತದೆ. ಆದರೆ ಕೂಲರ್ ವಾರೆ ಕೂತಿದ್ದರೆ ಇದು ಮದ್ದಲ್ಲ, ನೋವು ಮರೆಸುವ ಗುಳಿಗೆ.

ಕೂಲರ್ ಕೂತಿರುವ ರೀತಿ

ಪೂರ್ತಿ ಸಮ ಭಾರದಲ್ಲೂ 12–15 ಡಿಗ್ರಿ ಅಂತರ ಉಳಿದರೆ ನೂರಕ್ಕೆ ಎಂಬತ್ತು ಪಾಲು ಉತ್ತರ ಇಲ್ಲೇ ಇರುತ್ತದೆ ಅನ್ನುವುದು ನನ್ನ ಅಂದಾಜು.

ಜೋಳದ ರೊಟ್ಟಿ ಬೇಯಿಸುವುದನ್ನು ನೋಡಿದ್ದೀರಲ್ಲ. ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಿದ ಮೇಲೆ ಅವ್ವ ಅರಿವೆಯಿಂದ ಅಂಚಂಚಿಗೆ ಒತ್ತುತ್ತಾ ಹೋಗುತ್ತಾಳೆ. ಒತ್ತದ ಕಡೆ ರೊಟ್ಟಿ ಹಂಚಿಗೆ ತಾಗುವುದಿಲ್ಲ, ಅಲ್ಲಿ ಬೆಳ್ಳಗೆ ಹಸಿಯಾಗೇ ಉಳಿಯುತ್ತದೆ. ಇಲ್ಲಿ ಪ್ರೊಸೆಸರ್ ಹಂಚು, ಕೂಲರ್ ರೊಟ್ಟಿ. ಎಲ್ಲಿ ತಾಗಿಲ್ಲವೋ ಅಲ್ಲಿಯ ಬಿಸಿ ಮೇಲೆ ಹೋಗದೆ ಚಿಪ್ಪಿನಲ್ಲೇ ಕೂರುತ್ತದೆ. ನಡುವೆ ಸವರುವ ಪೇಸ್ಟ್ ಕಣ್ಣಿಗೆ ಕಾಣದ ಸಣ್ಣ ತಗ್ಗುಗಳನ್ನು ತುಂಬುವುದಕ್ಕೆ ಮಾತ್ರ. ಅದು ಲೋಹಕ್ಕೆ ಲೋಹ ತಾಗುವುದಕ್ಕೆ ಬದಲಿಯಲ್ಲ.

ನನ್ನದು ನಾಲ್ಕು ಪಿನ್ ಒತ್ತಿ ಕೂರಿಸುವ ಕೂಲರ್. ಮುಂದಿನಿಂದ ನೋಡಿದರೆ ನಾಲ್ಕೂ ಸರಿಯಾಗಿ ಕೂತಂತೆ ಕಾಣುತ್ತಿದ್ದವು. ಕ್ಯಾಬಿನೆಟ್‌ನ ಹಿಂದಿನ ತಗಡು ತೆಗೆದು, ಮೊಬೈಲ್ ಟಾರ್ಚ್ ಹಿಡಿದು, ಬೋರ್ಡಿನ ಬೆನ್ನ ಕಡೆಯಿಂದ ನೋಡಿದೆ. ಮೂರು ರಂಧ್ರಗಳಲ್ಲಿ ಬಿಳಿ ಪ್ಲಾಸ್ಟಿಕ್ ಕಾಲು ಎರಡಾಗಿ ಅಗಲಿಸಿಕೊಂಡು, ನಡುವೆ ಕಪ್ಪು ಮೊಳೆ ಇಣುಕುತ್ತಿತ್ತು. ನಾಲ್ಕನೆಯದರಲ್ಲಿ ಬಿಳಿ ಕಾಲು ಜೋಡಿಯಾಗಿಯೇ ಇತ್ತು, ಒಂದು ಅಂಚು ರಂಧ್ರದ ಒಳಗೇ ಸಿಕ್ಕಿಕೊಂಡಿತ್ತು, ಕಪ್ಪು ಮೊಳೆ ಕಾಣಲೇ ಇಲ್ಲ. ಬೆರಳಿಂದ ಕೂಲರ್ ಅಲ್ಲಾಡಿಸಿದರೆ ಆ ಮೂಲೆ ಕೂದಲೆಳೆಯಷ್ಟು ಏಳುತ್ತಿತ್ತು. 14 ಡಿಗ್ರಿ ಬಂದಿದ್ದು ಆ ಕೂದಲೆಳೆಯಿಂದ.

ಪಿನ್ ಕೂಲರ್ ತೆಗೆಯುವಾಗ ಪಿನ್‌ನ ತಲೆಯನ್ನು ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆಳೆಯಬೇಕು. ಮತ್ತೆ ಕೂರಿಸುವ ಮುನ್ನ ನಾಲ್ಕನ್ನೂ ವಾಪಸ್ ಮೊದಲಿನ ಕಡೆಗೆ ತಿರುಗಿಸಿಡಬೇಕು. ಎಲ್ಲರೂ ಮರೆಯುವುದು ಇದನ್ನೇ, ಮರೆತರೆ ಪಿನ್ ಕೂತಂತೆ ಮಾಡಿ ಎದ್ದುಬಿಡುತ್ತದೆ. ಒತ್ತುವಾಗ ಎದುರುಬದುರು ಮೂಲೆಯ ಎರಡನ್ನು ಒಟ್ಟಿಗೆ ಒತ್ತಿ, ಆಮೇಲೆ ಉಳಿದೆರಡು. ಟಿಕ್ ಅನ್ನುವ ಸದ್ದು ನಾಲ್ಕು ಸಲ ಬರಬೇಕು. ಸಾಧ್ಯವಾದರೆ ಬೋರ್ಡನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು ಮಾಡಿ, ಕ್ಯಾಬಿನೆಟ್ ಒಳಗೆ ಬೋರ್ಡ್ ಬಾಗುತ್ತದೆ. ಸ್ಕ್ರೂ ಇರುವ ಕೂಲರ್ ಆದರೆ ಒಂದನ್ನೇ ಪೂರ್ತಿ ಬಿಗಿಯಬೇಡಿ. ಗಾಡಿಯ ಚಕ್ರದ ನಟ್ಟು ಬಿಗಿದ ಹಾಗೆ ಅಡ್ಡಡ್ಡ, ಒಂದೊಂದಕ್ಕೂ ಎರಡೆರಡು ಸುತ್ತು.

ರೈಜೆನ್ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗ; 5600, 5900ಎಕ್ಸ್ ಇದರಲ್ಲೇ ಕೂರುತ್ತವೆ) ಇದ್ದವರಿಗೆ ಒಂದು ಎಚ್ಚರಿಕೆ, ದಯವಿಟ್ಟು ಓದಿ. ಆ ಚಿಪ್ಪಿನ ಕೆಳಗೆ ಸೂಜಿಯಂಥ ಲೋಹದ ಕಾಲುಗಳಿವೆ. ಹಳೆಯ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎತ್ತಿದಾಗ ಚಿಪ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಕಾಲು ಬಾಗುತ್ತವೆ. ಮೊದಲು ಹತ್ತು ನಿಮಿಷ ಭಾರದ ಕೆಲಸ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ತೆಗೆದು, ಸ್ಕ್ರೂ ಸಡಿಲಿಸಿ. ನಂತರ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಬಿಟ್ಟುಕೊಂಡ ಮೇಲೆಯೇ ಎತ್ತಿ.

ಪೇಸ್ಟ್ ಬಿಟ್ಟ ಅಚ್ಚು ಓದುವುದು

ಕೂಲರ್ ಎತ್ತಿದ ಕೂಡಲೇ ಒರೆಸಬೇಡಿ! ಎರಡೂ ಕಡೆ ಫೋಟೊ ತೆಗೆಯಿರಿ. ಪೇಸ್ಟ್ ತೆಳ್ಳಗಾಗಿ ಲೋಹ ಇಣುಕುತ್ತಿರುವ ಕಡೆ ಒತ್ತಡ ಚೆನ್ನಾಗಿತ್ತು. ದಪ್ಪಗೆ ಉಳಿದ ಕಡೆ, ಕೂಲರ್‌ನ ಅಚ್ಚೇ ಬೀಳದ ಕಡೆ ಒತ್ತಡ ಇರಲಿಲ್ಲ. ನನ್ನದರಲ್ಲಿ ಮೂರು ಮೂಲೆ ಕನ್ನಡಿಯಂತೆ ತೆಳ್ಳಗೆ, ನಾಲ್ಕನೆಯ ಮೂಲೆಯಲ್ಲಿ ಹಚ್ಚಿದಷ್ಟೇ ದಪ್ಪ ಬೂದು ಗಡ್ಡೆ. ಕೂಲರ್‌ನ ತಳದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಉಳಿದಿದೆಯೇ ಅಂತಲೂ ನೋಡಿ, ಮೊದಲ ಸಲ ಜೋಡಿಸುವವರು ಅದನ್ನು ಕೀಳುವುದು ಮರೆಯುವುದು ಬಹಳ ಸಾಮಾನ್ಯ.

ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಮೊಬೈಲ್ ರಿಪೇರಿ ಅಂಗಡಿಯವರು ಐಪಿಎ ಅನ್ನುತ್ತಾರೆ, ಕೇಳಿದರೆ ಸ್ವಲ್ಪ ಕೊಡುತ್ತಾರೆ. ನೂಲು ಬಿಡದ ಬಟ್ಟೆಯಿಂದ ಎರಡು ಸಲ ಒರೆಸಿ. ಪೇಸ್ಟ್ ಆರ್ಕ್ಟಿಕ್ ಎಂಎಕ್ಸ್-4 ಅಥವಾ ನಾಕ್ಟುವಾ ಎನ್‌ಟಿ-ಎಚ್1 ಥರದ್ದು ಆನ್‌ಲೈನ್‌ನಲ್ಲಿ ತರಿಸಿ. ಒಂದು 4 ಗ್ರಾಂ ಸಿರಿಂಜ್ ಹಲವು ಸಲಕ್ಕೆ ಬರುತ್ತದೆ. ಬಿಳಿ ಪೇಸ್ಟ್‌ನ ಹೆಸರಿಲ್ಲದ ಪುಟ್ಟ ಪೊಟ್ಟಣಗಳು ನಮ್ಮ ಬಿಸಿಲಿಗೆ ಬೇಗ ಒಣಗಿ ಸುಣ್ಣದಂತಾಗುವುದನ್ನು ನೋಡಿದ್ದೇನೆ, ಅವು ಬೇಡ.

ಚೌಕದ ಚಿಪ್ಪಿಗೆ ನಡುವೆ ಒಂದು ಬಟಾಣಿ ಕಾಳಿನಷ್ಟು ಸಾಕು. ಇಂಟೆಲ್‌ನ 12, 13, 14ನೇ ತಲೆಮಾರಿನ ಚಿಪ್ ಉದ್ದುದ್ದ, 45 ಮಿಲಿಮೀಟರ್ ಉದ್ದ, 37.5 ಅಗಲ. ಅದಕ್ಕೆ ನಡುವೆ ಒಂದೇ ಬಟಾಣಿ ಇಟ್ಟರೆ ತುದಿಗಳಿಗೆ ತಲುಪದೇ ಇರಬಹುದು. ಎರಡು ಗೆರೆ ಅಡ್ಡ ಎಳೆದು ಗುಣಾಕಾರ ಚಿಹ್ನೆಯಂತೆ ಹಚ್ಚಿ. ಸ್ವಲ್ಪ ಜಾಸ್ತಿಯಾದರೂ ಒತ್ತಡಕ್ಕೆ ಹೊರಗೆ ಬರುತ್ತದೆ, ಒರೆಸಬಹುದು. ಕಡಿಮೆಯಾದರೆ ಕಷ್ಟ.

ಇದೇ ತಲೆಮಾರುಗಳಲ್ಲಿ ಇನ್ನೊಂದು ವಿಷಯವಿದೆ. ಸಾಕೆಟ್‌ನ ಕೊಂಡಿ ಚಿಪ್ಪನ್ನು ನಡುಭಾಗದ ಎರಡು ಕಡೆ ಮಾತ್ರ ಒತ್ತುತ್ತದೆ, ಉದ್ದ ಚಿಪ್ ಸ್ವಲ್ಪ ಬಾಗುತ್ತದೆ, ನಡುವೆ ತಗ್ಗಾಗುತ್ತದೆ. ಸಮತಟ್ಟಾದ ಕೂಲರ್ ಅಲ್ಲಿ ಸರಿಯಾಗಿ ತಾಗುವುದಿಲ್ಲ. ಕಾಂಟ್ಯಾಕ್ಟ್ ಫ್ರೇಮ್ ಅನ್ನುವ ಲೋಹದ ಚೌಕಟ್ಟು ಹಾಕಿದರೆ ಒತ್ತಡ ಸುತ್ತಲೂ ಹಂಚಿಕೆಯಾಗುತ್ತದೆ. ಆದರೆ ಅದನ್ನು ಹಾಕಲು ಮೂಲ ಕೊಂಡಿ ಬಿಚ್ಚಬೇಕು, ವಾರಂಟಿಗೆ ತೊಂದರೆಯಾಗಬಹುದು, ಜಾಸ್ತಿ ಬಿಗಿದರೆ ರ‍್ಯಾಮ್ ಅನ್ನು ಕಂಪ್ಯೂಟರ್ ಗುರುತಿಸದೇ ಹೋಗಬಹುದು. ಐ5 ಇದ್ದವರಿಗೆ ನಾನು ಹೇಳುವುದಿಲ್ಲ. ಐ7, ಐ9 ಇಟ್ಟುಕೊಂಡು ದಿನವಿಡೀ ರೆಂಡರ್ ಮಾಡುವವರು ಯೋಚಿಸಬಹುದು.

ತಪ್ಪು ಕೂಲರ್‌ದೋ ಚಿಪ್ಪಿನದೋ

ಎಲ್ಲ ಸರಿಯಾಗಿ ಕೂರಿಸಿದರೂ ಅದೇ ಕೋರ್ ಬಿಸಿಯೇ? ಆಗ ಕೂಲರನ್ನು 180 ಡಿಗ್ರಿ ತಿರುಗಿಸಿ ಕೂರಿಸಿ, ಹೊಸ ಪೇಸ್ಟ್ ಹಾಕಿ, ಅದೇ ಪರೀಕ್ಷೆ ಮತ್ತೆ ಮಾಡಿ. ಬಿಸಿ ಕೋರ್ ಬದಲಾದರೆ, ಉದಾಹರಣೆಗೆ ಮೊದಲು ಕೋರ್ 5 ಬಿಸಿ ಇದ್ದದ್ದು ಈಗ ಕೋರ್ 0 (ಎಣಿಕೆ ಸೊನ್ನೆಯಿಂದ ಶುರು) ಆದರೆ, ಕೂಲರ್‌ನ ತಳ ಸಮತಟ್ಟಾಗಿಲ್ಲ. ತಿರುಗಿಸಿದರೂ ಅದೇ ಕೋರ್ ಬಿಸಿಯಾಗಿದ್ದರೆ ಅದು ಚಿಪ್ಪಿನ ಗುಣ. ಇಷ್ಟು ಸ್ಪಷ್ಟವಾಗಿ, ದುಡ್ಡಿಲ್ಲದೆ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ, ಆದರೂ ಮಾಡುವವರು ಕಡಿಮೆ.

ಸೆಕೆಂಡ್ ಹ್ಯಾಂಡ್ ಹಳೆ ಚಿಪ್ ಕೊಂಡವರಿಗೆ ಇದು ಮುಖ್ಯ. 2012ರ ಐ7 3770ಕೆ ಕಾಲದಿಂದ 8700ಕೆವರೆಗೆ ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಲೋಹದ ಮುಚ್ಚಳದ ಒಳಗೂ ಬೆಸುಗೆಯ ಬದಲು ಪೇಸ್ಟೇ ಇದೆ. ವರ್ಷಗಳು ಕಳೆದಂತೆ ಅದು ಒಣಗುತ್ತದೆ, ಒಂದೆರಡು ಕೋರ್ ಮಾತ್ರ ಬಿಸಿಯಾಗತೊಡಗುತ್ತವೆ. ಹೊರಗೆ ಎಷ್ಟು ಸಲ ಪೇಸ್ಟ್ ಬದಲಿಸಿದರೂ ಪ್ರಯೋಜನವಿಲ್ಲ. ಮುಚ್ಚಳ ಕಿತ್ತು ಸರಿಮಾಡುವವರಿದ್ದಾರೆ, ಆದರೆ ಕೈ ತಪ್ಪಿದರೆ ಚಿಪ್ ಹೋಯಿತು. ಬಳಕೆಯಲ್ಲಿರುವ ಒಂದೇ ಒಂದು ಕಂಪ್ಯೂಟರ್ ಮೇಲೆ ಈ ಪ್ರಯೋಗ ಬೇಡ. ವೋಲ್ಟೇಜ್ ಸ್ವಲ್ಪ ಇಳಿಸಿ ಓಡಿಸಿಕೊಳ್ಳಿ. ರೈಜೆನ್ 5000ದಿಂದ ಈಚಿನವುಗಳಲ್ಲಿ ಬೋರ್ಡ್ ಅವಕಾಶ ಕೊಟ್ಟರೆ ಬಯಾಸ್‌ನ ಕರ್ವ್ ಆಪ್ಟಿಮೈಜರ್ ಅನ್ನುವ ಸೆಟ್ಟಿಂಗ್‌ನಲ್ಲಿ ಒಂದೊಂದೇ ಕೋರ್‌ಗೆ ವೋಲ್ಟೇಜ್ ಇಳಿಸಬಹುದು. ಮೈನಸ್ 10ರಿಂದ ಶುರು ಮಾಡಿ, ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗತೊಡಗಿದರೆ ಹಿಂದಕ್ಕೆ ಬನ್ನಿ. ಹೊಸ ಚಿಪ್‌ನಲ್ಲಿ ಡೀಫಾಲ್ಟ್ ಸೆಟ್ಟಿಂಗ್‌ನಲ್ಲೇ ಒಂದು ಕೋರ್ ಉಳಿದವಕ್ಕಿಂತ 20 ಡಿಗ್ರಿ ಮೇಲಿದ್ದರೆ, ಕೂಲರ್ ತಿರುಗಿಸುವ ಮುನ್ನ ಮತ್ತು ನಂತರದ ಎರಡೂ ಪರೀಕ್ಷೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ವಾರಂಟಿಗೆ ಕೊಡಿ.

ಗಾಳಿಯ ಬಗ್ಗೆ ಎರಡು ಮಾತು, ಅಂತರಕ್ಕೆ ಸಂಬಂಧವಿಲ್ಲದಿದ್ದರೂ. ನಮ್ಮ ಕಡೆಯ ಸಣ್ಣ ಧೂಳು ಕೂಲರ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಊದಿ ತೆಗೆಯಿರಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದುಕೊಳ್ಳಿ. ಬೇಸಿಗೆಯಲ್ಲಿ ನೀರು ಹಾಕುವ ಕೂಲರ್‌ನ ಗಾಳಿಗೆ ನೇರವಾಗಿ ಕ್ಯಾಬಿನೆಟ್ ಇಡಬೇಡಿ, ಆ ತೇವ ಮತ್ತು ಧೂಳು ಸೇರಿದರೆ ಒಳಗೆ ಕೆಸರಾಗುತ್ತದೆ.

ನನ್ನ ನಾಲ್ಕನೇ ಪಿನ್ ಕೂತ ಮೇಲೆ ಅದೇ 36 ಡಿಗ್ರಿ ರೂಮಿನಲ್ಲಿ ಅದೇ ವಿಡಿಯೊ ಮತ್ತೆ ಎಕ್ಸ್‌ಪೋರ್ಟ್‌ಗೆ ಹಾಕಿದೆ. 72, 74, 74, 75, 77, 74. ಈ ಆರು ಅಂಕಿ, ರೂಮಿನ ಬಿಸಿ, ಪೇಸ್ಟ್ ಹೆಸರು, ತಾರೀಖು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಪಕ್ಕದ ತಗಡಿನ ಒಳಗೆ ಅಂಟಿಸಿದ್ದೇನೆ. ನೀವೂ ಅಂಟಿಸಿ. ಮುಂದಿನ ವರ್ಷ ಬಿಚ್ಚಿದಾಗ ಹೋಲಿಸಲು ಬೇಕಾಗುತ್ತದೆ.